ಮದವೂ ಪ್ರಕೃತಿಯೂ: ಕಾವ್ಯಗಳಲ್ಲಿ ಪಾನಪ್ರಸಂಗದ ವಿಮರ್ಶೆ

(೧)

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂಬುದು ಸಂಸ್ಕೃತ ಕವಿಗಳೂ ಅವರನ್ನನುಸರಿಸಿ ಕನ್ನಡ ಕವಿಗಳೂ ಬಹುಕಾಲ ಪಾಲಿಸಿಕೊಂಡುಬಂದ ಸಂಪ್ರದಾಯ. ದಂಡಿಯ ಕಾವ್ಯಾದರ್ಶದ ಮೊದಲನೆಯ ಪರಿಚ್ಛೇದದಲ್ಲಿ ಈ ವರ್ಣನೆಗಳ ಪ್ರಸಿದ್ಧವಾದ ಪಟ್ಟಿಯೊಂದಿದೆ. ನಗರ, ಸಮುದ್ರ, ಪರ್ವತ, ಋತು, ಚಂದ್ರಸೂರ್ಯರ ಉದಯ ಇವುಗಳನ್ನು ಹೇಳಿ, ಉದ್ಯಾನಕ್ರೀಡೆ ಜಲಕ್ರೀಡೆಗಳನ್ನು ಎಣಿಸಿ, ಅವುಗಳ ಬಳಿಯಲ್ಲಿಯೇ ಮಧುಪಾನವನ್ನೂ ಆ ಆಚಾರ್ಯನು ಸೇರಿಸಿರುವನು. ಶಾಸ್ತ್ರಕಾರನು ಒಮ್ಮೆ ಹೆಸರಿಸಿದ ಮೇಲೆ ಅನಂತರದ ಕವಿಗಳು ಅದನ್ನು ಬಿಡುವುದಕ್ಕೆ ಅಂಜಿದರು. ಕಥೆಗೆ ಬೇಕಾಗಲಿ ಬೇಡವಾಗಲಿ, ಒಂದು ಸಂಜೆ, ಒಂದು ಚಂದ್ರೋದಯ, ಅದರ ಬೆನ್ನಿಗೆ ಒಂದು ಪಾನಗೋಷ್ಠಿ ಬಂದೇ ತೀರುವುದೆಂಬಂತಾಯಿತು.

ಆದರೆ ಅದೇ ದಂಡಿಯು, ಈ ಅಂಗಗಳಲ್ಲಿ ಕೆಲವು ಕಡಮೆಯಾದರೂ ಇರುವಷ್ಟು ಅಂಶವು ಸಹೃದಯರನ್ನು ಸಂತೋಷಪಡಿಸುವಂತಿದ್ದರೆ ಕಾವ್ಯವು ದುಷ್ಟವಾಗದೆಂದು ಪಟ್ಟಿಯ ಮುಂದೆಯೇ ಹೇಳಿರುವನು. ಪಟ್ಟಿಯನ್ನು ಕಂಠಪಾಠಮಾಡಿದವರಲ್ಲಿ ಹಲವರು ಈ ಮಾತನ್ನು ಮನಸ್ಸಿಗೆ ತಂದುಕೊಂಡಂತೆ ತೋರುವುದಿಲ್ಲ. ಆದುದರಿಂದ ಪಾನವರ್ಣನೆಯು ಕಾವ್ಯದಲ್ಲಿ ಇರಬೇಕೆ ಬೇಡವೆ ಎಂಬ ಪ್ರಶ್ನೆಗಿಂತಲೂ, ಇದ್ದಾಗ ಅದು ನಂಬಿಕೆಗೆ ಪಾತ್ರವಾಗುವುದು ಯಾವುದರಿಂದ ಎಂಬ ಪ್ರಶ್ನೆಯೇ ವಿಚಾರಯೋಗ್ಯವಾದುದು. ಈ ವಿಚಾರವು ಹಳೆಯ ಕಾವ್ಯಗಳಿಗೆ ಮಾತ್ರ ಸಂಬಂಧಪಟ್ಟುದಲ್ಲ. ಕಥೆ ಕಾದಂಬರಿ ನಾಟಕಗಳಲ್ಲಿ ಕುಡಿಯುವವನ ಚಿತ್ರ ಈಗಲೂ ಬರುತ್ತಲೇ ಇದೆ. ಅದನ್ನು ಬರೆಯುವವರು ಎರಡು ತಪ್ಪುಗಳಲ್ಲಿ ಒಂದಕ್ಕೆ ಸಿಕ್ಕಿಬೀಳುವುದೂ ಸಾಮಾನ್ಯವಾಗಿದೆ. ಕೆಲವರು ಪಾನವನ್ನು ಬರಿಯ ಅಲಂಕಾರವನ್ನಾಗಿ ಮಾಡುವರು; ಕೆಲವರು ಕುಡುಕನನ್ನು ಬರಿಯ ತೊದಲುಮಾತಿನ ಗೊಂಬೆಯನ್ನಾಗಿ ಮಾಡುವರು. ಎರಡರಲ್ಲಿಯೂ ಕುಡಿಯುತ್ತಿರುವ ಮನುಷ್ಯನು ಕಾಣುವುದಿಲ್ಲ.

(೨)

ಈ ವಿಷಯದಲ್ಲಿ ಲಕ್ಷಣಕಾರರು ಹೇಳಿರುವುದು ಸ್ವಲ್ಪವಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ಮೂವತ್ತಮೂರು ವ್ಯಭಿಚಾರಿಭಾವಗಳನ್ನು ವಿವರಿಸುವಾಗ ಮದವನ್ನೂ ಒಂದಾಗಿ ಎಣಿಸಿ, ಅದನ್ನು ತರುಣ, ಮಧ್ಯ, ಅವಕೃಷ್ಟ ಎಂದು ಮೂರು ಬಗೆಯಾಗಿ ವಿಂಗಡಿಸಿರುವನು. ಮೊದಲನೆಯದರಲ್ಲಿ ಮುಖದಲ್ಲಿ ನಗೆ, ಮಾತಿನಲ್ಲಿ ಅಲ್ಪವಾದ ಸ್ಖಲನ, ನಡೆಯಲ್ಲಿ ಸುಕುಮಾರವಾದ ತೊಡಕು. ಎರಡನೆಯದರಲ್ಲಿ ತಿರುಗುವ ಕಣ್ಣು, ಜೋತ ತೋಳು, ಸೊಟ್ಟನಡೆ. ಮೂರನೆಯದರಲ್ಲಿ ನೆನಪು ಕೆಡುವುದು, ನಡೆ ನಿಲ್ಲುವುದು, ವಾಂತಿ, ಬಿಕ್ಕಳಿಕೆ, ಭಾರವಾಗಿ ಅಂಟಿಕೊಳ್ಳುವ ನಾಲಗೆ. ಇಷ್ಟನ್ನು ನೋಡಿದವರೆಲ್ಲರೂ ಬರೆಯಬಲ್ಲರು. ಆದರೆ ಮುನಿಯು ಇಲ್ಲಿಗೆ ನಿಲ್ಲಿಸಲಿಲ್ಲ. ಒಂದೇ ಮದ್ಯವನ್ನು ಕುಡಿದ ಜನರಲ್ಲಿ ಒಬ್ಬನು ಮಲಗುವನು, ಒಬ್ಬನು ನಕ್ಕು ಹಾಡುವನು, ಒಬ್ಬನು ಬಿರುನುಡಿಗಳನ್ನಾಡುವನು, ಒಬ್ಬನು ಅಳುವನು. ಈ ಭೇದಕ್ಕೆ ಕಾರಣ ಅವರವರ ಪ್ರಕೃತಿಯೆಂದು ಆತನು ಸ್ಪಷ್ಟವಾಗಿ ಹೇಳಿರುವನು. ಮೇಲಾದ ಸತ್ತ್ವವುಳ್ಳವನಿಗೆ ನಿದ್ರೆ, ನಡುತರದವನಿಗೆ ಹಾಸ್ಯಗಾನಗಳು, ಕೀಳಾದವನಿಗೆ ಪರುಷವಚನರೋದನಗಳು ಎಂಬುದು ಆತನ ವಿಭಾಗ.

ಇದಕ್ಕಿಂತಲೂ ಸೂಕ್ಷ್ಮವಾದ ಎರಡು ವಿಧಿಗಳು ಅಲ್ಲಿಯೇ ಇವೆ. ರಂಗದ ಮೇಲೆ ಕುಡಿಯುವವನ ಮದವು ಕ್ರಮವಾಗಿ ಏರಬೇಕು. ಮೊದಲೇ ಕುಡಿದು ಬಂದವನ ಮದವು ಕ್ರಮವಾಗಿ ಇಳಿಯಬೇಕು. ಇದು ಮೊದಲನೆಯ ವಿಧಿ. ಅಂಜಿಕೆ, ಶೋಕ, ಹರ್ಷ ಇವುಗಳಲ್ಲಿ ಯಾವುದಾದರೂ ಕಾರಣವಶದಿಂದ ಒಮ್ಮೆಗೇ ಒದಗಿದರೆ ಮದವು ತಟಕ್ಕನೆ ನಾಶವಾಗಬೇಕು. ಇದು ಎರಡನೆಯದು. ಮದಕ್ಕೆ ಒಂದು ಗತಿಯುಂಟು, ಅದು ನಿಂತಲ್ಲಿ ನಿಲ್ಲುವ ವಸ್ತುವಲ್ಲ, ಮನಸ್ಸಿನ ಇತರ ಭಾವಗಳೊಡನೆ ಅದು ಹೆಣಗುತ್ತಿರುವುದು ಎಂಬ ತತ್ತ್ವವು ಈ ಎರಡು ವಿಧಿಗಳಲ್ಲಿ ಅಡಗಿದೆ. ಕುಡಿದ ಪಾತ್ರವನ್ನು ಮೊದಲಿನಿಂದ ಕಡೆಯವರೆಗೆ ಒಂದೇ ಸಮನಾಗಿ ತೂರಾಡಿಸುವ ಲೇಖಕನು ಮುನಿಯ ಈ ಮಾತನ್ನು ಕೇಳಿಲ್ಲವೆಂದೇ ತಿಳಿಯಬೇಕು.

ವೈದ್ಯಶಾಸ್ತ್ರವೂ ಇದೇ ಅರ್ಥವನ್ನು ಸಮರ್ಥಿಸುವುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯ ಮದಾತ್ಯಯವನ್ನು ಕುರಿತುದು. ಅಲ್ಲಿಯೂ ಮದದ ಅವಸ್ಥೆಗಳನ್ನು ಹೇಳಿದೆ. ನಡುವಣ ಅವಸ್ಥೆಯಲ್ಲಿ ನೆನಪು ಮರವೆಗಳು ಒಂದರ ಹಿಂದೊಂದು ಬರುವುವು, ಮಾತು ಒಮ್ಮೆ ತಿಳಿಯಾಗಿಯೂ ಒಮ್ಮೆ ಅಸ್ಪಷ್ಟವಾಗಿಯೂ ಇರುವುದು ಎಂಬ ನಿರೂಪಣೆಯು, ಆ ಗ್ರಂಥಕಾರನು ಕುಡಿದವರನ್ನು ಎಷ್ಟು ಹತ್ತಿರದಿಂದ ಕಂಡಿದ್ದನೆಂಬುದನ್ನು ತಿಳಿಸುವುದು. ಎಲ್ಲಕ್ಕಿಂತ ಮಿಗಿಲಾಗಿ, ಬೆಂಕಿಯು ಚಿನ್ನದ ಮೇಲ್ತರ ಕೆಳತರಗಳನ್ನು ಹೇಗೆ ಬಯಲುಮಾಡುವುದೋ ಹಾಗೆ ಮದ್ಯವು ಮನುಷ್ಯರ ಪ್ರಕೃತಿಯನ್ನು ಬಯಲುಮಾಡುವುದೆಂಬ ಸಾಮ್ಯವನ್ನು ಆ ಅಧ್ಯಾಯವು ಕೊಡುವುದು.

ಕಾವ್ಯದ ಪಾನಪ್ರಸಂಗಕ್ಕೆ ಇದೇ ಒರೆಗಲ್ಲು. ಮದ್ಯವು ಪಾತ್ರಕ್ಕೆ ಹೊಸದಾದ ಸ್ವಭಾವವನ್ನು ತಂದುಕೊಡುವುದಿಲ್ಲ. ಮೊದಲೇ ಒಳಗಿದ್ದು, ಲಜ್ಜೆಯಿಂದಲೋ ಭಯದಿಂದಲೋ ಮರ್ಯಾದೆಯಿಂದಲೋ ಮುಚ್ಚಿಹೋಗಿದ್ದುದನ್ನು ಹೊರಗೆಡಹುವುದು. ಪ್ರಸಂಗವು ಮುಗಿದಾಗ ಪಾತ್ರದ ವಿಷಯದಲ್ಲಿ ವಾಚಕನಿಗೆ ಮೊದಲು ತಿಳಿಯದಿದ್ದುದೇನಾದರೂ ತಿಳಿದುಬಂದರೆ ಅದು ಸಾರ್ಥಕ. ಏನೂ ತಿಳಿಯದಿದ್ದರೆ, ಪಾತ್ರೆಗಳು ರತ್ನಖಚಿತವಾಗಿದ್ದರೂ ಅದು ವ್ಯರ್ಥ.

(೩)

ಈ ಒರೆಗಲ್ಲಿಗೆ ಮೊದಲು ಮಹಾಕಾವ್ಯಗಳ ಸಾಂಪ್ರದಾಯಿಕ ವರ್ಣನೆಗಳನ್ನು ತಿಕ್ಕಿನೋಡಬಹುದು. ಭಾರವಿಯು ಕಿರಾತಾರ್ಜುನೀಯದ ಒಂಬತ್ತನೆಯ ಸರ್ಗದಲ್ಲಿ, ಅರ್ಜುನನ ತಪಸ್ಸನ್ನು ಕೆಡಿಸಲು ಬಂದ ಅಪ್ಸರೆಯರ ಪಾನಲೀಲೆಯನ್ನು ವರ್ಣಿಸಿರುವನು. ಮಾಘನು ಶಿಶುಪಾಲವಧದ ಹತ್ತನೆಯ ಸರ್ಗವನ್ನು ರೈವತಕ ಪರ್ವತದಲ್ಲಿ ಬೀಡುಬಿಟ್ಟ ಯಾದವರ ಪಾನಗೋಷ್ಠಿಗೆ ಮೀಸಲಿಟ್ಟಿರುವನು. ಈ ಎರಡು ಸರ್ಗಗಳ ಪದಲಾಲಿತ್ಯವನ್ನೂ ಉತ್ಪ್ರೇಕ್ಷೆಗಳ ಚಮತ್ಕಾರವನ್ನೂ ಅಲ್ಲಗಳೆಯುವವರಿಲ್ಲ. ಆದರೆ ಅಲ್ಲಿ ಕುಡಿಯುತ್ತಿರುವವರು ಯಾರು? ಒಬ್ಬಾಕೆಯ ಹೆಸರಿಲ್ಲ, ಹಿಂದಿಲ್ಲ, ಮುಂದಿಲ್ಲ. ಒಬ್ಬಾಕೆಗೆ ಹೇಳಿದ ಮಾತನ್ನು ಮತ್ತೊಬ್ಬಾಕೆಗೆ ಹೇಳಿದರೂ ಪದ್ಯವು ಕೆಡುವುದಿಲ್ಲ. ಮದ್ಯವು ನಾಚಿಕೆಯನ್ನು ತೊಲಗಿಸಿತು, ಪ್ರಣಯಕೋಪವನ್ನು ಕಳೆಯಿತು ಎಂಬ ಮಾತು ಮಾತ್ರ ಬಗೆಬಗೆಯಾಗಿ ಬರುವುದು. ಬೆಳಗಾದರೆ ಯಾರಿಗೂ ತಲೆನೋವಿಲ್ಲ, ಪಶ್ಚಾತ್ತಾಪವಿಲ್ಲ, ಆಡಿದ ಮಾತಿಗೆ ಹೊಣೆಯಿಲ್ಲ. ಪಾನದಿಂದ ಏನೂ ನಷ್ಟವಾಗದ ಲೋಕವದು. ಚಿತ್ರವೆಂದು ನೋಡಿ ಸಂತೋಷಪಡಬಹುದು, ನಂಬುವುದು ಕಷ್ಟ.

ಕಾಳಿದಾಸನು ಈ ಮಾತಿಗೆ ಬೇರೆಯೇ ದಾರಿಯನ್ನು ಹಿಡಿದನು. ಕುಮಾರಸಂಭವದ ನಾಲ್ಕನೆಯ ಸರ್ಗದಲ್ಲಿ ಪತಿಯನ್ನು ಕಳೆದುಕೊಂಡ ರತಿಯು ಅಳುತ್ತ, ಕೆಂಪಾದ ಕಣ್ಣುಗಳನ್ನು ಹೊರಳಿಸುತ್ತ ಹೆಜ್ಜೆಹೆಜ್ಜೆಗೂ ಮಾತನ್ನು ತಡವರಿಸುವಂತೆ ಮಾಡುವ ವಾರುಣೀಮದವು, ಮನ್ಮಥನಿಲ್ಲದ ಮೇಲೆ, ಹೆಂಗಸರಿಗೆ ಬರಿಯ ವಿಡಂಬನೆಯಾಯಿತೆಂದು ನುಡಿಯುವಳು. ಮಾಘನು ಒಂದು ಸರ್ಗದಲ್ಲಿ ಹೇಳಿದುದೆಲ್ಲವೂ ಇಲ್ಲಿ ಒಂದು ಶ್ಲೋಕದಲ್ಲಿದೆ, ಅಲ್ಲಿಲ್ಲದುದೂ ಇದೆ. ಅಲ್ಲಿಲ್ಲದುದು ಯಾವುದೆಂದರೆ, ಆ ಮಾತನ್ನಾಡುವವಳ ದುಃಖ.

ಅದೇ ಕವಿಯ ಮಾಲವಿಕಾಗ್ನಿಮಿತ್ರದ ಮೂರನೆಯ ಅಂಕದಲ್ಲಿ ಕಿರಿಯ ರಾಣಿ ಇರಾವತಿಯು ಮದವೇರಿದವಳಾಗಿಯೇ ಪ್ರವೇಶಿಸುವಳು. ಮದವು ಹೆಂಗಸರಿಗೆ ವಿಶೇಷವಾದ ಒಡವೆಯೆಂಬ ಲೋಕದ ಮಾತು ನಿಜವೆ ಎಂದು ದಾಸಿ ನಿಪುಣಿಕೆಯನ್ನು ಕೇಳುವಳು. ಕಾವ್ಯಸಂಪ್ರದಾಯದ ಮಾತನ್ನೇ ಕವಿಯು ಪಾತ್ರದ ಬಾಯಿಗೆ ಪ್ರಶ್ನೆಯಾಗಿ ಕೊಟ್ಟಿರುವ ಚಾತುರ್ಯವನ್ನು ಗಮನಿಸಬೇಕು. ರಾಜನನ್ನು ಕಾಣಲು ಮನಸ್ಸು ಮುಂದೋಡುವುದು, ಕಾಲುಗಳು ಏಳವು. ರಾಜನ ಒಲವು ತನ್ನಲ್ಲಿ ಇನ್ನೂ ಇರುವುದೋ ಇಲ್ಲವೋ ಎಂಬ ಅಳುಕಿರುವವಳು ಮದವನ್ನು ಒಡವೆಯಂತೆ ತೊಟ್ಟು ಹೊರಟಿರುವಳೆಂಬುದು ಮೊದಲ ಮಾತಿನಲ್ಲಿಯೇ ತಿಳಿದುಹೋಗುವುದು. ಮರೆಯಲ್ಲಿ ನಿಂತು ಮಾಲವಿಕೆಯ ಬಳಿಯಲ್ಲಿರುವ ರಾಜನನ್ನು ಕಂಡ ಬಳಿಕ ಪ್ರಸಂಗವು ಬೇರೊಂದು ಬಗೆಯಾಗುವುದು. ಕೋಪಗೊಂಡು ಹೊರಟವಳ ಕಾಲಿಗೆ ಜಾರಿದ ಡಾಬು ತೊಡರುವುದು. ಅದನ್ನೇ ಎತ್ತಿಕೊಂಡು ರಾಜನನ್ನು ಹೊಡೆಯಲೆಳಸುವಳು. ಬರುವಾಗ ಹೆಜ್ಜೆಯನ್ನು ತಡೆದುದು ಮದ್ಯ. ಹೋಗುವಾಗ ತಡೆದುದು ರೋಷ. ಭರತನು ವಿಧಿಸಿದ ಮದಕ್ಷಯವು ಇಲ್ಲಿ ಶಾಸ್ತ್ರದ ಹೆಸರನ್ನೆತ್ತದೆ ನಡೆದುಹೋಗಿದೆ. ಪ್ರೇಕ್ಷಕರು ನಗುವರು, ನಕ್ಕ ಬಳಿಕ ಆಕೆಯನ್ನು ಕುರಿತು ಮರುಗುವರು.

(೪)

ಪಾನಪ್ರಸಂಗದ ಆದರ್ಶವನ್ನು ಹುಡುಕುವವರು ಮಹಾಕಾವ್ಯಗಳನ್ನು ಬಿಟ್ಟು ಅವುಗಳಿಗೂ ಹಿಂದಿನ ಆರ್ಷಕಾವ್ಯಗಳಿಗೆ ಹೋಗಬೇಕಾಗುವುದು. ವಾಲ್ಮೀಕಿರಾಮಾಯಣದಲ್ಲಿ ಮದ್ಯವನ್ನು ಕುರಿತ ಸ್ಥಳಗಳು ಹಲವಿವೆ. ಸುಂದರಕಾಂಡದಲ್ಲಿ ಹನುಮಂತನು ರಾವಣನ ಪಾನಭೂಮಿಯನ್ನು ಸುತ್ತಿನೋಡುವನು. ಅದೇ ಕಾಂಡದ ಕೊನೆಯ ಭಾಗದಲ್ಲಿ ಸೀತೆಯ ಸುದ್ದಿಯನ್ನು ತಂದ ಕಪಿಗಳು ಮಧುವನಕ್ಕೆ ನುಗ್ಗಿ ಕುಡಿದು ಕುಣಿಯುವರು. ಆದರೆ ಇವೆರಡಕ್ಕೂ ಮಿಗಿಲಾದುದು ಕಿಷ್ಕಿಂಧಾಕಾಂಡದಲ್ಲಿ ತಾರೆಯು ಲಕ್ಷ್ಮಣನನ್ನು ಎದುರ್ಗೊಳ್ಳುವ ಪ್ರಸಂಗ.

ಮಳೆಗಾಲವು ಕಳೆದರೂ ಸುಗ್ರೀವನು ಕೊಟ್ಟ ಮಾತನ್ನು ನಡಸದೆ ಅಂತಃಪುರದಲ್ಲಿ ಮೈಮರೆತಿರುವನು. ಲಕ್ಷ್ಮಣನು ಕನಲಿ ಬಂದು ಅರಮನೆಯಲ್ಲಿ ಬಿಲ್ಲಿನ ಹೆದೆಯನ್ನು ಮಿಡಿಯುವನು. ಅದನ್ನು ಕೇಳಿ ನಡುಗಿದ ಸುಗ್ರೀವನು ತಾನು ಹೊರಬರಲಾರದೆ ತಾರೆಯನ್ನು ಮುಂದೆ ಕಳುಹಿಸುವನು. ಆಕೆಯೂ ಕುಡಿದಿರುವಳು. ಹೆಜ್ಜೆ ತಡವರಿಸುವುದು, ಕಣ್ಣು ಮದದಿಂದ ಅಳ್ಳಾಡುವುದು, ಡಾಬಿನ ಎಳೆ ಜೋಲುವುದು. ಹೆಂಗಸನ್ನು ಕಂಡ ಲಕ್ಷ್ಮಣನು ತಲೆಯನ್ನು ತಗ್ಗಿಸಿ ಕೋಪವನ್ನು ತಡೆದುಕೊಳ್ಳುವನು. ಆಗ, ಪಾನದಿಂದ ಲಜ್ಜೆಯು ತೊಲಗಿದ್ದುದರಿಂದ, ಆಕೆಯು ಆ ರಾಜಪುತ್ರನೊಡನೆ ಸಂಕೋಚವಿಲ್ಲದೆ ಮಾತನಾಡಿದಳೆಂದು ಋಷಿಯು ಕಾರಣಸಹಿತವಾಗಿ ಹೇಳುವನು.

ಇಲ್ಲಿ ಮದ್ಯವು ಮಾಡಿದ ಕೆಲಸವೇನೆಂಬುದನ್ನು ನೋಡಬೇಕು. ಅದು ತಾರೆಯ ಲಜ್ಜೆಯನ್ನು ತೆಗೆಯಿತು, ವಿವೇಕವನ್ನು ತೆಗೆಯಲಿಲ್ಲ. ಕಾಲು ತಡವರಿಸಿದರೂ ನೀತಿಯು ತಡವರಿಸದು. ಕಾಮಕ್ಕೆ ವಶರಾಗಿ ಮಹರ್ಷಿಗಳೂ ಎಡವಿರುವಾಗ ಚಪಲನಾದ ಕಪಿಯು ಎಡವಿದುದನ್ನು ಕ್ಷಮಿಸಬೇಕೆಂದೂ, ಕಾರ್ಯೋದ್ಯೋಗಕ್ಕೆ ಸುಗ್ರೀವನು ಹಿಂದೆಯೇ ಅಪ್ಪಣೆಮಾಡಿರುವನೆಂದೂ ತಿಳಿಸಿ ಕೋಪದ ಬೆಂಕಿಯನ್ನು ಆರಿಸುವಳು. ಕುಡಿಯದ ವೇಳೆಯಲ್ಲಿ ಬುದ್ಧಿಶಾಲಿನಿಯಾದವಳು ಕುಡಿದಾಗಲೂ ಬುದ್ಧಿಶಾಲಿನಿಯೇ. ವಾಲಿಯನ್ನು ಯುದ್ಧಕ್ಕೆ ಹೋಗಬೇಡವೆಂದು ತಡೆದವಳೂ ಈಕೆಯೇ ಎಂಬುದು ವಾಚಕನ ನೆನಪಿಗೆ ಬಾರದಿರದು. ಅಂದು ಆಕೆಯ ಮಾತನ್ನು ಗಂಡನು ಕೇಳಲಿಲ್ಲ. ಇಂದು ಶತ್ರುವಿನಂತೆ ಬಂದವನು ಕೇಳಿದನು.

ಅದೇ ಮದ್ಯವನ್ನು ಕುಡಿದ ಸುಗ್ರೀವನ ಪ್ರಕೃತಿಯು ಬೇರೆ. ಸುಖ ಬಂದಾಗ ಮರೆಯುವನು, ಭಯ ಬಂದಾಗ ಹೆಂಗಸನ್ನು ಮುಂದಿಡುವನು. ಅವನು ದುಷ್ಟನಲ್ಲ, ಬಹುಕಾಲ ಕಾಡಿನಲ್ಲಿ ಕಷ್ಟಪಟ್ಟು ಈಚೆಗೆ ಸುಖವನ್ನು ಕಂಡವನು ಎಂಬುದನ್ನೂ ಪ್ರಸಂಗವು ಮರೆಸುವುದಿಲ್ಲ. ಕೊನೆಯಲ್ಲಿ ಅವನು ಕೊರಳಿನ ದೊಡ್ಡ ಹೂಮಾಲೆಯನ್ನು ಹರಿದುಹಾಕಿ ಮದರಹಿತನಾದನೆಂದು ಋಷಿಯು ಹೇಳುವನು. ಮದವಿಳಿದುದನ್ನು ಸೂಚಿಸಲು ಮುಖ ತೊಳೆದನೆನ್ನಲಿಲ್ಲ, ದೀರ್ಘವಾದ ಪಶ್ಚಾತ್ತಾಪದ ಮಾತನ್ನು ಹೇಳಿಸಲಿಲ್ಲ. ಒಂದು ಮಾಲೆಯು ಹರಿಯಿತು. ಭೋಗದ ಕಾಲ ಮುಗಿಯಿತು.

(೫)

ಮದ್ಯವು ಬಚ್ಚಿಟ್ಟುದನ್ನು ಹೊರಗೆಡಹುವುದೆಂಬುದಕ್ಕೆ ಭಯಂಕರವಾದ ನಿದರ್ಶನ ಮಹಾಭಾರತದ ಮೌಸಲಪರ್ವ. ಯುದ್ಧವು ಮುಗಿದು ಮೂವತ್ತಾರು ವರ್ಷಗಳಾಗಿವೆ. ಮುನಿಶಾಪಕ್ಕೆ ಅಂಜಿದ ಯಾದವರು ದ್ವಾರಕೆಯಲ್ಲಿ ಯಾರೂ ಮದ್ಯವನ್ನು ತಯಾರಿಸಕೂಡದೆಂದೂ, ತಯಾರಿಸಿದವನನ್ನು ಬಂಧುಗಳೊಡನೆ ಶೂಲಕ್ಕೇರಿಸುವುದೆಂದೂ ಸಾರಿಸಿದ್ದರು. ಆ ಜನರೇ ಪ್ರಭಾಸಕ್ಕೆ ಹೋಗಿ ಕೃಷ್ಣನ ಕಣ್ಣೆದುರಿನಲ್ಲಿಯೇ ಕುಡಿಯುವರು; ಬ್ರಾಹ್ಮಣರಿಗೆಂದು ಸಿದ್ಧಪಡಿಸಿದ ಅನ್ನಕ್ಕೆ ಮದ್ಯವನ್ನು ಬೆರಸಿ ಕಪಿಗಳಿಗೆ ಹಾಕುವರು. ಅನರ್ಥವು ಬರುವ ಮೊದಲು ಬರುವ ಈ ಸಣ್ಣ ಅನುಚಿತವನ್ನು ವ್ಯಾಸನು ಬಿಡಲಿಲ್ಲ.

ಬಳಿಕ ಸಾತ್ಯಕಿಯು, ಮಲಗಿದ್ದವರನ್ನು ಕೊಂದವನೆಂದು ಕೃತವರ್ಮನನ್ನು ಹಂಗಿಸುವನು. ಕೃತವರ್ಮನು ಎಡಗೈಯಿಂದ ಅವನನ್ನು ತೋರಿಸುತ್ತ, ಕೈ ಕಡಿದುಹೋಗಿ ಪ್ರಾಯೋಪವೇಶಮಾಡಿದ್ದ ಭೂರಿಶ್ರವಸನನ್ನು ಕೊಂದವನು ನೀನೆಂದು ಹಿಂದಿರುಗಿಸುವನು. ಅನಂತರ ಸ್ಯಮಂತಕಮಣಿಯ ಹಳೆಯ ಮಾತು, ಸತ್ರಾಜಿತನ ಕೊಲೆಯ ಮಾತು ಹೊರಡುವುದು, ಸತ್ಯಭಾಮೆಯು ಅಳುವಳು, ಸಾತ್ಯಕಿಯು ಕತ್ತಿಯನ್ನು ಸೆಳೆಯುವನು, ಉಳಿದವರು ಎಂಜಲಾದ ಪಾತ್ರೆಗಳಿಂದಲೇ ಅವನನ್ನು ಬಡಿಯುವರು. ಇವರಲ್ಲಿ ಯಾರ ನಾಲಗೆಯೂ ತೊದಲುವುದಿಲ್ಲ. ಪ್ರತಿಯೊಂದು ಮಾತೂ ಸ್ಪಷ್ಟ, ಪ್ರತಿಯೊಂದು ಆರೋಪವೂ ನಿಜ. ಮೂವತ್ತಾರು ವರ್ಷ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದವರು ಆಡದೆ ಬಿಟ್ಟಿದ್ದ ಮಾತು ಈಗ ಹೊರಬಂದಿತು. ಎಡಗೈಯ ಆ ಅವಜ್ಞೆ, ಎಂಜಲುಪಾತ್ರೆಯ ಆ ಪೆಟ್ಟು, ಈ ಎರಡರಿಂದಲೇ ಕುಡಿದವರ ಜಗಳವು ಕಣ್ಣಿಗೆ ಕಟ್ಟಿದಂತಾಗುವುದು.

ಇದೇ ತತ್ತ್ವವು ಹಾಸ್ಯದಲ್ಲಿಯೂ ಫಲಿಸಬಲ್ಲುದು. ಬಾದಾಮಿಯ ಇಮ್ಮಡಿ ಪುಲಕೇಶಿಯ ಸಮಕಾಲೀನನೂ ಎದುರಾಳಿಯೂ ಆಗಿದ್ದ ಪಲ್ಲವರಾಜ ಮೊದಲನೆಯ ಮಹೇಂದ್ರವರ್ಮನು ರಚಿಸಿದ ಮತ್ತವಿಲಾಸಪ್ರಹಸನವು ೧೯೧೭ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಟಿ. ಗಣಪತಿಶಾಸ್ತ್ರಿಗಳಿಂದ ಪ್ರಕಟವಾಯಿತು. ಕಾಂಚಿಯ ಬೀದಿಯಲ್ಲಿ ಕಾಪಾಲಿಕನಾದ ಸತ್ಯಸೋಮನು ಸಂಗಾತಿ ದೇವಸೋಮೆಯೊಡನೆ ತೂರಾಡುತ್ತ ಬರುವನು. ಮದದಲ್ಲಿ ಆಕೆಯ ಹೆಸರನ್ನು ತಿರುಗುಮುರುಗಾಗಿ ಸೋಮದೇವೆಯೆಂದುಬಿಡುವನು. ಆಕೆಗೆ ಬೇರೊಬ್ಬಳ ಶಂಕೆ ಹುಟ್ಟುವುದು. ತಪ್ಪು ಮದ್ಯದ್ದೆಂದು ಹೇಳಿ ಅವನು ಇಂದಿನಿಂದ ಕುಡಿಯುವುದನ್ನೇ ಬಿಟ್ಟೆನೆಂದು ವ್ರತ ತೊಡುವನು. ತನ್ನ ನಿಮಿತ್ತವಾಗಿ ತಪಸ್ಸನ್ನು ಕೆಡಿಸಿಕೊಳ್ಳಬಾರದೆಂದು ಆಕೆಯೇ ಕಾಲಿಗೆ ಬೀಳುವಳು. ವ್ರತವು ಅಲ್ಲಿಗೆ ಮುಗಿಯುವುದು. ಮಾತು ತಪ್ಪುವುದು, ತಪ್ಪನ್ನು ಹೆಂಡದ ಮೇಲೆ ಹೊರಿಸುವುದು, ಬಿಡುವೆನೆಂದು ಆಣೆಯಿಡುವುದು, ಬಿಡದಿರಲು ಒಂದು ನೆಪ ಸಿಕ್ಕಿದೊಡನೆ ಹಿಗ್ಗುವುದು: ಕುಡಿತದ ಚಟವುಳ್ಳವರ ಮನೆಗಳಲ್ಲಿ ಇಂದಿಗೂ ನಡೆಯುವ ಕ್ರಮವೆಲ್ಲವೂ ಈ ಚಿಕ್ಕ ಸಂಭಾಷಣೆಯಲ್ಲಿದೆ. ಪಾನಶಾಲೆಯನ್ನು ಯಜ್ಞಶಾಲೆಗೆ ಹೋಲಿಸುವ ಅವನ ವರ್ಣನೆಯೂ ಬರಿಯ ಅಲಂಕಾರವಲ್ಲ. ಮಾಡುವುದೆಲ್ಲಕ್ಕೂ ಧರ್ಮದ ಹೆಸರನ್ನು ಹುಡುಕುವುದು ಆ ಪಾತ್ರದ ಪ್ರಕೃತಿ. ಮದವು ಅದನ್ನು ಹಿಗ್ಗಿಸಿ ತೋರಿಸಿದೆ.

(೬)

ಕನ್ನಡದಲ್ಲಿ ಈ ವರ್ಣನೆಯ ಇತಿಹಾಸವು ಪಂಪನಿಂದ ಮುಂದಕ್ಕೆ ಚೆನ್ನಾಗಿ ದೊರೆಯುವುದು. ಕ್ರಿ. ಶ. ೯೪೧ರ ವಿಕ್ರಮಾರ್ಜುನವಿಜಯವು ೧೮೯೮ರಲ್ಲಿ ರೈಸ್ ಅವರಿಂದಲೂ ೧೯೩೧ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನಿಂದಲೂ ಮುದ್ರಿತವಾಗಿ ವಿದ್ವಾಂಸರ ಕೈಸೇರಿತು. ಅದರ ನಾಲ್ಕನೆಯ ಆಶ್ವಾಸದಲ್ಲಿ ಸುಭದ್ರೆಗೆ ಮನಸೋತ ಅರ್ಜುನನು ದ್ವಾರಕೆಯ ಸೂಳೆಗೇರಿಯಲ್ಲಿ ಇರುಳು ನಡೆದುಹೋಗುತ್ತ ಪಾನಗೋಷ್ಠಿಯನ್ನು ಕಾಣುವನು. ಹದಿನೆಂಟರ ಪಟ್ಟಿಯನ್ನು ಪೂರ್ತಿಮಾಡುವ ಉದ್ದೇಶವು ಕವಿಗೆ ಇದ್ದಿರಬಹುದು. ಆದರೆ ಪಂಪನು ಪಟ್ಟಿಯ ಅಕ್ಷರವನ್ನು ಪಾಲಿಸಿ, ಅದರ ಒಳಗೆ ಕಣ್ಣಾರೆ ಕಂಡುದನ್ನು ತುಂಬಿದನು. ಮಧುದೇವತೆಯ ಅರ್ಚನೆ, ಬಗೆಬಗೆಯ ಪಾತ್ರೆಗಳು, ಕಿರಿಯರು ಹಿರಿಯರನ್ನರಿತು ನಮಸ್ಕರಿಸಿ ಕುಡಿಯುವ ಮರ್ಯಾದೆ, ನಡುನಡುವೆ ಸವಿಯುವ ಚಕ್ಕಣ, ಇವುಗಳಿಂದ ಕಳ್ಳಿನ ಕೂಟಕ್ಕೂ ಒಂದು ಆಚಾರವುಂಟೆಂಬುದು ತಿಳಿಯುವುದು. ಚಕ್ಕಣವೆಂಬ ಒಂದು ದೇಸಿಯ ಮಾತು ತರುವ ನಂಬಿಕೆಯನ್ನು ಹತ್ತು ಮಣಿಚಷಕಗಳು ತರಲಾರವು.

ನೋಡುವವನು ಕುಡಿಯದವನು, ವಿರಹದಿಂದ ಬೇರೊಂದು ಮದಕ್ಕೆ ವಶನಾದವನು ಎಂಬುದೂ ಗಮನಾರ್ಹವಾದುದು. ಸುಂದರಕಾಂಡದ ಹನುಮಂತನಂತೆಯೇ ಇಲ್ಲಿ ಅರ್ಜುನನು ಎಚ್ಚರವುಳ್ಳ ಸಾಕ್ಷಿ. ಪಾನಪ್ರಸಂಗದಲ್ಲಿ ಕುಡಿಯದವನೊಬ್ಬನಿದ್ದರೆ ಕುಡಿದವರ ಅಳತೆ ತಾನಾಗಿ ಸಿಕ್ಕುವುದು. ಆದರೆ ಪಂಪನಲ್ಲಿಯೂ ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು. ಅಲ್ಲಿ ಜಾತಿಯ ಚಿತ್ರವಿದೆ, ವ್ಯಕ್ತಿಯ ಚಿತ್ರವಿಲ್ಲ. ಕುಡಿದವರಲ್ಲಿ ಒಬ್ಬರೂ ಮುಂದಿನ ಕಥೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮುಂದಿನ ಕವಿಗಳಲ್ಲಿ ಹಲವರಿಗೆ ಪಂಪನ ಕಣ್ಣೂ ಇಲ್ಲದೆ ಪಟ್ಟಿ ಮಾತ್ರ ಉಳಿಯಿತು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದನು. ಹೆಂಡವನ್ನು ಮಾರುವುದೇ ಆತನ ಕಾಯಕವಾಗಿತ್ತು. ಆ ಕಾಯಕದ ಮಾತುಗಳನ್ನೇ ಆತನು ಅನುಭಾವದ ಸಂಕೇತಗಳನ್ನಾಗಿ ಮಾಡಿಕೊಂಡನು. ಪಾನಗೋಷ್ಠಿಯನ್ನು ದೂರದಿಂದ ವರ್ಣಿಸಿದ ಪಂಡಿತಕವಿಗಳಿಗೂ ಗಡಿಗೆಯ ಪಕ್ಕದಲ್ಲಿ ಕುಳಿತು ಕುಡಿಯುವವರನ್ನು ನೋಡಿದ ಈತನಿಗೂ ಇರುವ ಅಂತರವು ಕನ್ನಡದ ಅಭ್ಯಾಸಿಗಳು ವಿಚಾರಿಸಬೇಕಾದ ವಿಷಯ.

ವ್ಯಕ್ತಿಯ ಚಿತ್ರವು ಪೂರ್ಣವಾಗಿ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ೧೯೩೦ರ ದಶಕದಲ್ಲಿ ಜಿ. ಪಿ. ರಾಜರತ್ನಂ ಅವರು ಹೆಂಡಕುಡುಕ ರತ್ನನನ್ನು ಕನ್ನಡಿಗರ ಮುಂದೆ ನಿಲ್ಲಿಸಿದರು. ಅವನ ಭಾಷೆ ಹಳೆಯ ಮೈಸೂರು ಸೀಮೆಯ ಆಡುನುಡಿ. ಅವನ ಪ್ರಪಂಚದಲ್ಲಿ ಹೆಂಡದಂಗಡಿಯಿದೆ, ಮಡದಿ ಪುಟ್ನಂಜಿಯಿದ್ದಾಳೆ, ಬಡತನವಿದೆ, ಪದ ಹೇಳುವ ಹುಚ್ಚಿದೆ. ಈ ಪದಗಳನ್ನು ಕಟ್ಟಿದವರು ಪಾನದ ಅಭ್ಯಾಸವಿಲ್ಲದ, ಪಾಲಿ ಕನ್ನಡಗಳಲ್ಲಿ ನಿಷ್ಣಾತರಾದ ಅಧ್ಯಾಪಕರು. ಕುಡಿಯದವನು ಕುಡುಕನನ್ನು ಬರೆಯಲಾರನೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರವು ಬೇಕಾಗಿಲ್ಲ. ಬರೆಯುವವನಿಗೆ ಬೇಕಾದುದು ಮದ್ಯದ ರುಚಿಯಲ್ಲ, ಮನುಷ್ಯನ ಪರಿಚಯ.

ರತ್ನನ ಪದಗಳಲ್ಲಿ ಅತ್ಯಂತ ಪ್ರಸಿದ್ಧವಾದುದರಲ್ಲಿ, ದೇವರೇ ಬಂದು ಕುಡಿತವನ್ನು ಬಿಡೆಂದರೆ ಬಿಡಲು ಅವನು ಸಿದ್ಧನಾಗಿರುವನು; ಮಡದಿಯನ್ನು ತೊರೆಯೆಂದರೂ ತೊರೆದಾನು; ಕನ್ನಡವನ್ನು ಮಾತ್ರ ಬಿಡಲಾರನು. ಕುಡುಕನ ಬಾಯಿಂದ ಬಂದುದರಿಂದಲೇ ಈ ಮಾತಿಗೆ ಬಲ ಬಂದಿದೆ. ವೇದಿಕೆಯ ಮೇಲೆ ನಿಂತ ಪಂಡಿತನು ಹೇಳಿದ್ದರೆ ಅದು ಭಾಷಣವಾಗುತ್ತಿತ್ತು. ಮದವು ಇಳಿಸಬಲ್ಲುದನ್ನೆಲ್ಲ ಇಳಿಸಿದ ಮೇಲೆ ತಳದಲ್ಲಿ ಉಳಿದುದು ಇದು ಎಂಬ ನಂಬಿಕೆ ಇಲ್ಲಿ ಹುಟ್ಟುವುದು. ಚರಕನು ಹೇಳಿದ ಬೆಂಕಿ ಚಿನ್ನಗಳ ಸಾಮ್ಯಕ್ಕೆ ಕನ್ನಡದಲ್ಲಿ ಇದು ಉದಾಹರಣೆ.

(೭)

ಪಾನವನ್ನು ಖಂಡಿಸುವ ಉದ್ದೇಶದಿಂದಲೇ ಬರೆದ ನಾಟಕ ಕಥೆಗಳ ವಿಷಯದಲ್ಲಿ ಒಂದು ಮಾತನ್ನು ಹೇಳುವುದು ಅವಶ್ಯಕ. ಅವುಗಳ ಉದ್ದೇಶವು ಶ್ಲಾಘ್ಯವಾದುದು. ಕುಡಿತವು ಬಡವರ ಮನೆಗಳನ್ನು ಹಾಳುಮಾಡಿರುವುದನ್ನು ಕಾಣದವರಿಲ್ಲ. ಆದರೆ ಇಂಥ ಕೃತಿಗಳ ಕುಡುಕನು ಮೊದಲ ಅಂಕದಲ್ಲಿ ತೂರಾಡಿ, ಎರಡನೆಯದರಲ್ಲಿ ಹೆಂಡತಿಯನ್ನು ಹೊಡೆದು, ಕಡೆಯದರಲ್ಲಿ ಪಶ್ಚಾತ್ತಾಪಪಡುವುದೇ ಹೆಚ್ಚು. ಅವನು ಕುಡಿಯಲು ಮೊದಲಿಟ್ಟುದು ಏಕೆ, ಕುಡಿಯದ ದಿನ ಹೇಗಿದ್ದನು, ಅವನ ಕೈ ಬಾಗಿಲಿನ ಅಗಳಿಯನ್ನು ತಡವುವ ಸದ್ದಿನಿಂದಲೇ ಆ ದಿನದ ಅಳತೆಯನ್ನು ತಿಳಿಯುವ ಹೆಂಡತಿಯ ಮನಸ್ಸು ಎಂಥದು, ತಂದೆಯ ಸಂತೋಷಕ್ಕೂ ಅಂಜುವ ಮಗುವಿನ ಮುಖ ಹೇಗಿರುವುದು ಎಂಬುದೊಂದೂ ಅಲ್ಲಿ ಬರುವುದಿಲ್ಲ. ಇದರ ಫಲವೇನೆಂದರೆ, ನಿಜವಾಗಿ ಕುಡಿಯುವವನು ಆ ನಾಟಕವನ್ನು ನೋಡಿ ನಗುವನು. ಅದರಲ್ಲಿ ಅವನಿಗೆ ಕ್ರೂರಿಯಾದ ಮತ್ತಾರೋ ಕಾಣುವನೇ ಹೊರತು ತಾನು ಕಾಣುವುದಿಲ್ಲ. ಹೀಗೆ ಸುಳ್ಳಾದ ಚಿತ್ರವು ರಸವನ್ನು ಕೆಡಿಸುವುದಲ್ಲದೆ ಧರ್ಮಕ್ಕೂ ಪ್ರಯೋಜನವಾಗದೆ ಹೋಗುವುದು.

ಅನೌಚಿತ್ಯವನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂಬುದು ಆನಂದವರ್ಧನನ ನಿರ್ಣಯ. ಪಾನಪ್ರಸಂಗದ ಔಚಿತ್ಯವು ಮದ್ಯದ ಹೆಸರುಗಳಲ್ಲಿಯಾಗಲಿ ತೊದಲಿನ ಅಕ್ಷರಗಳಲ್ಲಿಯಾಗಲಿ ಇರುವುದಿಲ್ಲ. ಮದವು ಪಾತ್ರದ ಪ್ರಕೃತಿಗೆ ತಕ್ಕಂತೆ ಏರಬೇಕು. ಪ್ರಸಂಗದ ಭಾರಕ್ಕೆ ತಕ್ಕಂತೆ ಇಳಿಯಬೇಕು. ಆ ನಡುವೆ ಆಡಿದ ಮಾತಿಗೂ ಮಾಡಿದ ಕೆಲಸಕ್ಕೂ ಮರುದಿನದ ಕಥೆಯಲ್ಲಿ ಹೊಣೆಯಿರಬೇಕು. ತಾರೆಯ ಮಾತಿನಿಂದ ಕಪಿಸೇನೆ ಕೂಡಿತು. ಕೃತವರ್ಮನ ಎಡಗೈಯಿಂದ ಯಾದವಕುಲವು ಅಳಿಯಿತು. ಇರಾವತಿಯ ಕೋಪದಿಂದ ಮಾಲವಿಕೆಗೆ ಸೆರೆಯಾಯಿತು. ರೈವತಕದ ಪಾನದಿಂದ ಮಾತ್ರ ಏನೂ ಆಗಲಿಲ್ಲ. ಮಾಘನಂಥ ಮಹಾಕವಿಯ ಆ ಸರ್ಗವನ್ನು ವಿದ್ವಾಂಸರು ಮೆಚ್ಚಿ ಓದುತ್ತಿದ್ದರೂ, ತಾರೆಯ ತಡವರಿಸುವ ಹೆಜ್ಜೆಯನ್ನು ಒಮ್ಮೆ ಕಂಡವರು ಮರೆಯಲಾರರು.